ಐದನೇ ಸುತ್ತಿಗೆ ಕೂರಬೇಕೇ?

ಈ ಬರಹದಲ್ಲಿ ಬರುವ ಹುಡುಗನನ್ನು ಹುಡುಕಿಕೊಂಡು ಯಾರೂ ರಾಯಬಾಗಕ್ಕೆ ಹೋಗಬೇಡಿ, ಸಿಗುವುದಿಲ್ಲ. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡ ಕಡೆಯಿಂದ ರಜೆಯಲ್ಲಿ ಚೆಸ್ ಟೂರ್ನಿಗೆ ಹೊರಡುವ ಯಾವ ಮನೆಯಲ್ಲಾದರೂ ನಡೆಯಬಹುದಾದದ್ದನ್ನು ಒಬ್ಬನ ಹೆಗಲಿಗೆ ಹಾಕಿದ್ದೇನೆ. ಸರಿ ತಪ್ಪು ವಿಚಾರ ಮಾಡುವಾಗ ಎದುರಿಗೊಂದು ಮುಖ ಇದ್ದರೆ ಒಳ್ಳೆಯದು. ಇಲ್ಲವಾದರೆ ಮಾತು ಉಪದೇಶವಾಗಿಬಿಡುತ್ತದೆ.

ಹುಡುಗನಿಗೆ ಹದಿಮೂರು ವರ್ಷ. ರೇಟಿಂಗ್ 1500. ಅಪ್ಪನದು ಕಬ್ಬಿನ ಹೊಲ. ಇಬ್ಬರೂ ರಾಯಬಾಗದಲ್ಲಿ ರೈಲು ಹತ್ತಿ ಚಿಂಚಲಿ, ಕುಡಚಿ, ಉಗಾರ, ಶೇಡಬಾಳ ದಾಟಿ ಮಿರಜಿಗೆ ಬಂದು ಸೋದರತ್ತೆಯ ಮನೆಯಲ್ಲಿ ಇಳಿದುಕೊಂಡಿದ್ದಾರೆ. ಟೂರ್ನಿ ಪಕ್ಕದ ಸಾಂಗ್ಲಿಯಲ್ಲಿ. ಗಡಿಯ ಈಚೆಗಿನ ಮಕ್ಕಳು ಆಟಕ್ಕಾಗಿ ಅತ್ತ ಹೋಗುವುದರಲ್ಲಿ ವಿಶೇಷವೇನಿಲ್ಲ. ಭಾವುಸಾಹೇಬ ಪಡಸಲಗಿಕರ ಕಟ್ಟಿದ ನೂತನ ಬುದ್ಧಿಬಳ ಮಂಡಳ ದಶಕಗಳಿಂದ ಚೆಸ್ ನಡೆಸಿಕೊಂಡು ಬಂದ ಊರದು. ಮಹಿಳಾ ಗ್ರ್ಯಾಂಡ್‌ಮಾಸ್ಟರ್ ಸ್ವಾತಿ ಘಾಟೆ ಅಲ್ಲಿಯವರು. ಕಾಗವಾಡದವರಿಗೆ ಬೆಳಗಾವಿಗಿಂತ ಸಾಂಗ್ಲಿಯೇ ಹತ್ತಿರ.

ಒಂಬತ್ತು ಸುತ್ತು, ಸ್ವಿಸ್ ಪದ್ಧತಿ, ದಿನಕ್ಕೆರಡು ಆಟ. ಎರಡು ದಿನ ಕಳೆದಿವೆ. ನಾಲ್ಕಕ್ಕೆ ನಾಲ್ಕೂ ಸೋಲು.

ಮೊದಲ ಮೂರು ಸೋಲುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡರಲ್ಲಿ ಎದುರಾಳಿಗಳು ಇವನಿಗಿಂತ ಬಲಿಷ್ಠರು, ಮೂರನೆಯವನು ಸಮಬಲದವನು. ಹುಡುಗನನ್ನು ಮುರಿದದ್ದು ನಾಲ್ಕನೆಯ ಆಟ. ಎದುರಿಗಿದ್ದವನ ರೇಟಿಂಗ್ 1400, ಇವನ ಕೈಯಲ್ಲಿ ಒಂದು ಕುದುರೆ ಹೆಚ್ಚು. ಆ ಆಟದ ಸ್ಕೋರ್ ಶೀಟ್ ನೋಡಿದರೆ ಕಥೆಯೆಲ್ಲ ಅಲ್ಲೇ ಇದೆ. 25ನೇ ನಡೆಯವರೆಗೆ ಅಕ್ಷರ ಗುಂಡಗಿದೆ, ಒಂದು ಗೀಟೂ ಆಚೀಚೆ ಹೋಗಿಲ್ಲ. ಕುದುರೆ ಹೊಡೆದ ನಡೆಯ ಕೆಳಗೆ ಸಣ್ಣಗೆ ಒಂದು ಗೆರೆ ಎಳೆದಿದ್ದಾನೆ, ಖುಷಿಗೆ. 30ರ ಹೊತ್ತಿಗೆ ಅಕ್ಷರ ಸೊಟ್ಟಗಾಗಿದೆ, ಗಡಿಯಾರದಲ್ಲಿ ಸಮಯ ಇಳಿದಿತ್ತು. 34ನೇ ನಡೆಯಲ್ಲಿ ಎದುರಾಳಿಯ ಆನೆ ಕೊನೆಯ ಸಾಲಿಗೆ ಬಂತು. ರಾಜನ ಮುಂದಿನ ಮೂರು ಪ್ಯಾದೆಗಳಲ್ಲಿ ಒಂದನ್ನೂ ಇವನು ಕದಲಿಸಿರಲಿಲ್ಲ. ರಾಜನಿಗೆ ಓಡಲು ಮನೆಯಿಲ್ಲ. ಮಾತ್. ಆ ನಡೆಯನ್ನು ಹುಡುಗ ಬರೆದೇ ಇಲ್ಲ. ಸಹಿ ಮಾತ್ರ ಹಾಕಿದ್ದಾನೆ.

ರಾತ್ರಿ ಅತ್ತೆ ರೊಟ್ಟಿ, ಮಡಿಕಿಕಾಳಿನ ಪಲ್ಯ ಬಡಿಸಿದರೆ ಅರ್ಧ ರೊಟ್ಟಿ ತಿಂದು ಎದ್ದ.

"ಅಪ್ಪಾ, ನಾಳಿ ನಾ ಆಡೂದಿಲ್ಲ. ಊರಿಗಿ ಹೋಗೂಣು."

ಅಪ್ಪ ಬೇಡ ಎನ್ನಲಿಲ್ಲ. ಮೊಬೈಲಿನಲ್ಲಿ ಲೆಕ್ಕ ಹಾಕಿಟ್ಟಿದ್ದ. "ನಾಕ ಆಟಕ್ಕ ಅರವತ್ತೇಳ ಪಾಯಿಂಟ್ ಹೋತು. ಇನ್ನ ಐದ ಆಡಿದ್ರ ಏನ ಉಳಿತೈತಿ?" ಎಂದ. ಊರಿನಿಂದ ಅಜ್ಜ ಫೋನಿನಲ್ಲಿ ಗುಡುಗಿದ: "ಕಣಕ್ಕ ಇಳದಿಂದ ನಡಕ ಬಿಟ್ಟ ಬರಬಾರದ ನೋಡಪಾ. ಮಂದಿ ಏನ ಅಂತಾರ?" ಫೋನು ಕಸಿದುಕೊಂಡ ಅವ್ವ ಗಂಡನಿಗೆ ಕೇಳಿದ್ದು ಬೇರೆಯೇ: "ಅವಾ ಊಟಾ ಮಾಡ್ಯಾನಿಲ್ಲೋ? ಮೈ ಬೆಚ್ಚಗ ಆಗೇತೇನ ಮುಟ್ಟಿ ನೋಡ್ರಿ."

ಪ್ರಕರಣ ಇಷ್ಟೇ. ಬಿಡಬೇಕೇ, ಆಡಬೇಕೇ?

ಅಪ್ಪನ ಲೆಕ್ಕವನ್ನು ಮೊದಲು ನೋಡೋಣ, ಅದು ತಪ್ಪು ಲೆಕ್ಕವಲ್ಲ. ವಿಶ್ವ ಚೆಸ್ ಸಂಸ್ಥೆ ಫಿಡೆಯ ನಿಯಮದಲ್ಲಿ ಈ ವಯಸ್ಸಿನ, ಈ ಮಟ್ಟದ ಮಕ್ಕಳಿಗೆ ಏರಿಳಿತದ ಗುಣಕ 40. ಸಮಬಲದವನ ಎದುರು ಸೋತರೆ 20 ಪಾಯಿಂಟ್ ಹೋಗುತ್ತದೆ. ನೂರು ಕಡಿಮೆ ಇರುವವನ ಎದುರು ಸೋತರೆ ಸುಮಾರು 26. 1700 ಮತ್ತು 1650ರವರ ಎದುರು ಸೋತದ್ದಕ್ಕೆ ಹತ್ತು, ಹನ್ನೆರಡು. ಕೂಡಿಸಿದರೆ ಅರವತ್ತೇಳೇ. ಇನ್ನು ಮುಂದೆ ಸಿಗುವ ಎದುರಾಳಿಗಳು ಕೆಳಗಿನವರು, ಸೋತರೆ ಪೆಟ್ಟು ಜಾಸ್ತಿ. ಆದರೆ ಅಪ್ಪ ಅದೇ ಲೆಕ್ಕದ ಇನ್ನೊಂದು ಮಗ್ಗುಲು ನೋಡಲಿಲ್ಲ. 1400ರವರನ್ನು ಐದು ಸಲ ಗೆದ್ದರೆ 72 ಪಾಯಿಂಟ್ ವಾಪಸು ಬರುತ್ತದೆ, ಹೋದದ್ದಕ್ಕಿಂತ ಐದು ಹೆಚ್ಚು. ಐದೂ ಗೆಲ್ಲುತ್ತಾನೆಂದು ನಾನೇನೂ ಹೇಳುತ್ತಿಲ್ಲ. ಕಾರ್ಖಾನೆಯ ಕಾಟಾದ ಮೇಲೆ ನಿಂತ ಟ್ರ್ಯಾಕ್ಟರನ್ನು, ತೂಕ ಕಡಿಮೆ ಬರುವ ಹಾಗೆ ಕಂಡಿತೆಂದು ಕೆಳಗಿಳಿಸಿಕೊಂಡು ಹೋದರೆ ಹೇರಿದ ಕಬ್ಬು ಹೆಚ್ಚಾಗುವುದಿಲ್ಲ, ಇದು ಆ ಅಪ್ಪನಿಗೆ ನನಗಿಂತ ಚೆನ್ನಾಗಿ ಗೊತ್ತು. 1500 ಎಂಬ ಅಂಕೆಯನ್ನು ಕಾಪಾಡುವುದಕ್ಕೆ ಆಡುವುದನ್ನೇ ನಿಲ್ಲಿಸಿದರೆ ಆ ಅಂಕೆ ಹುಡುಗನ ಬಗ್ಗೆ ಏನನ್ನೂ ಹೇಳದು.

ಅಜ್ಜನ ಮಾತು ಕೇಳಲು ಗಟ್ಟಿ, ಒಳಗೆ ಟೊಳ್ಳು. ಅವನು ಪೈಲವಾನನಾಗಿದ್ದವನು. ಈ ಸೀಮೆಯ ಜಾತ್ರೆಗಳ ಕುಸ್ತಿ ನೋಡಿದವರಿಗೆ ಗೊತ್ತು, ಅಲ್ಲಿ ಒಂದು ಜೋಡಿಗೆ ಒಂದೇ ಕುಸ್ತಿ. ಚಿತ್ ಆದವನು ಮೈಮೇಲಿನ ಮಣ್ಣು ಕೊಡವಿಕೊಂಡು, ಗೆದ್ದವನ ಕೈ ಮುಟ್ಟಿ, ಮನೆಗೆ ಹೋಗುತ್ತಾನೆ. ನಾಲ್ಕು ಸಲ ಚಿತ್ ಆದವನನ್ನು ಇನ್ನೂ ಐದು ಸಲ ಕಣಕ್ಕೆ ಬಾ ಎಂದು ಯಾರೂ ಕರೆಯುವುದಿಲ್ಲ. ತನ್ನ ಆಟ ತನ್ನಿಂದ ಎಂದೂ ಕೇಳದ ಧೈರ್ಯವನ್ನು ಅಜ್ಜ ಮೊಮ್ಮಗನಿಂದ ಕೇಳುತ್ತಿದ್ದಾನೆ. ಅದೂ ಮಂದಿಯ ಬಾಯಿಗೆ ಹೆದರಿ. ಮಂದಿ ಏನಂತಾರೆ ಎಂದು ಆಡುವವನು ಮಂದಿ ಏನಂತಾರೆ ಎಂದೇ ಒಂದು ದಿನ ಬಿಡುತ್ತಾನೆ. ಅಜ್ಜ ಹೇಳಿದ ತೀರ್ಪು ಸರಿಯಿರಬಹುದು, ಕೊಟ್ಟ ಕಾರಣ ಸರಿಯಿಲ್ಲ.

ಅವ್ವನ ಪ್ರಶ್ನೆಯೇ ಆ ರಾತ್ರಿಯ ಅತ್ಯಂತ ಜಾಣ ಪ್ರಶ್ನೆ. ಮೈ ಕೆಟ್ಟಿದ್ದರೆ ಚರ್ಚೆಯೇ ಬೇಕಿಲ್ಲ. ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವರನ್ನು ಆರಿಸಲು 1962ರಲ್ಲಿ ಕ್ಯುರಸಾವೊ ದ್ವೀಪದಲ್ಲಿ ನಡೆದ ಕ್ಯಾಂಡಿಡೇಟ್ಸ್ ಟೂರ್ನಿಯನ್ನು ಮಾಜಿ ವಿಶ್ವ ಚಾಂಪಿಯನ್ ಮಿಖಾಯಿಲ್ ತಾಲ್ ಕೊನೆಯವರೆಗೆ ಆಡಲಿಲ್ಲ. ಮೂತ್ರಪಿಂಡದ ಕಾಯಿಲೆಯಿಂದ ಆಸ್ಪತ್ರೆ ಸೇರಬೇಕಾಯಿತು. ಅದನ್ನು ಪಲಾಯನ ಎಂದು ಯಾರೂ ಕರೆದಿಲ್ಲ. ಮೈಯಂತೆಯೇ ಮನಸ್ಸೂ ಕಾಯಿಲೆ ಬೀಳುತ್ತದೆ. ಹುಡುಗ ನಿದ್ದೆಯಿಲ್ಲದೆ ನಡುಗುತ್ತಿದ್ದರೆ, ಬೋರ್ಡಿನ ಹೆಸರೆತ್ತಿದರೆ ವಾಂತಿ ಬರುವಂತಾದರೆ, ಬೆಳಗಿನ ಮೊದಲ ರೈಲು ಹತ್ತಿಸಿಕೊಂಡು ಹೋಗುವುದೇ ಧರ್ಮ. ನಮ್ಮ ಹುಡುಗನಿಗೆ ಅಂಥದ್ದೇನಿಲ್ಲ ಎಂದಿಟ್ಟುಕೊಳ್ಳೋಣ. ಅಪ್ಪ ಹಣೆ ಮುಟ್ಟಿ ನೋಡಿದ. ತಣ್ಣಗಿದೆ. ಹುಡುಗನಿಗೆ ಇರುವುದು ಅವಮಾನ.

ಮಿರಜಿನ ಆ ಮನೆಯಲ್ಲಿ ಯಾರೂ ಕೇಳದ ಒಂದು ಪ್ರಶ್ನೆಯಿದೆ: ನಾಳೆ ಬೆಳಿಗ್ಗೆ ಇವನ ಎದುರಿಗೆ ಕೂರುವವರು ಯಾರು?

ಸ್ವಿಸ್ ಪದ್ಧತಿಯಲ್ಲಿ ಸಮಾನ ಅಂಕದವರನ್ನು ಸಾಧ್ಯವಾದಷ್ಟೂ ಪರಸ್ಪರ ಆಡಿಸುತ್ತಾರೆ. ಡ್ರಾಗಳನ್ನು ಬಿಟ್ಟು ನೋಡಿದರೆ 200 ಜನರ ಟೂರ್ನಿಯಲ್ಲಿ ಮೊದಲ ಸುತ್ತಿಗೆ 100 ಜನ ಸೋಲುತ್ತಾರೆ, ಎರಡಕ್ಕೆ ಎರಡೂ ಸೋತವರು 50, ಮೂರಕ್ಕೆ 25, ನಾಲ್ಕಕ್ಕೆ ಹನ್ನೆರಡೋ ಹದಿಮೂರೋ. ಅಂದರೆ ನಾಲ್ಕು ಸುತ್ತಿನ ನಂತರ ಹನ್ನೆರಡು ಮಂದಿ ಸೊನ್ನೆಯಲ್ಲಿ ಇರಲೇಬೇಕು. ಎಲ್ಲರೂ ಪ್ರತಿಭಾವಂತರಾಗಿದ್ದರೂ ಇರಬೇಕು. ಆ ಸೊನ್ನೆ ಹುಡುಗನ ಹಣೆಬರಹವಲ್ಲ, ಪದ್ಧತಿಯ ಫಲ. ಯಾರಾದರೂ ಅವನಿಗೆ ಇದನ್ನು ಕಾಗದದ ಮೇಲೆ ಬರೆದು ತೋರಿಸಬೇಕಿತ್ತು.

ಆ ಹನ್ನೆರಡರಲ್ಲಿ ಒಬ್ಬರು ಅಥಣಿಯಿಂದ ಬಸ್ಸಿನಲ್ಲಿ ಬಂದ ಒಂಬತ್ತು ವರ್ಷದ ಹುಡುಗಿ ಎಂದು ಭಾವಿಸಿ. ಅವಳಿಗಿನ್ನೂ ರೇಟಿಂಗ್ ಇಲ್ಲ. ಮೊದಲ ಫಿಡೆ ರೇಟಿಂಗ್ ಸಿಗಬೇಕಾದರೆ ರೇಟಿಂಗ್ ಇರುವವರ ಎದುರು ಕನಿಷ್ಠ ಐದು ಆಟ ಆಡಿರಬೇಕು. ನಮ್ಮ ಹುಡುಗ ಹೇಳದೆ ಕೇಳದೆ ಊರಿಗೆ ಹೋದರೆ ಏನಾಗುತ್ತದೆ? ಅವಳು ಬಂದು ಕೂರುತ್ತಾಳೆ, ಪ್ಯಾದೆಗಳನ್ನು ಸರಿಯಾಗಿ ನಿಲ್ಲಿಸುತ್ತಾಳೆ, ಖಾಲಿ ಕುರ್ಚಿಯ ಗಡಿಯಾರ ಓಡುತ್ತದೆ. ಗೊತ್ತಾದ ಹೊತ್ತು ಮೀರಿದ ಮೇಲೆ ಆರ್ಬಿಟರ್ ಬಂದು ಅವಳಿಗೆ ಒಂದು ಅಂಕ ಬರೆದುಕೊಳ್ಳುತ್ತಾರೆ. ಅಂಕ ಸಿಕ್ಕಿತು, ಆಟ ಸಿಗಲಿಲ್ಲ. ಆಡದ ಆಟ ರೇಟಿಂಗಿಗೆ ಲೆಕ್ಕವಿಲ್ಲ, ಐದರಲ್ಲಿ ಅದು ಒಂದಾಗುವುದಿಲ್ಲ. ಇನ್ನು ಹುಡುಗ ಮೊದಲೇ ಹೇಳಿಯೇ ಬಿಟ್ಟ ಎನ್ನಿ. ಆಗ ಸಂಖ್ಯೆ ಬೆಸವಾದರೆ ಕೊನೆಯಲ್ಲಿರುವ ಯಾರೋ ಒಬ್ಬರಿಗೆ ಬೈ, ಅಂದರೆ ಆಟವಿಲ್ಲದ ಸುತ್ತು. ಇಷ್ಟು ದೂರ ಬಂದ ಮಗು ಹೊರಗೆ ಮರದ ಕೆಳಗೆ ಕೂತು ಎರಡು ಮೂರು ತಾಸು ಕಳೆಯಬೇಕು.

ಟೂರ್ನಿಯೆಂದರೆ ಮೇಲಿನ ಹತ್ತು ಬೋರ್ಡು ಎಂದು ನಾವು ತಿಳಿದಿದ್ದೇವೆ. ಫೋಟೊ ಅಲ್ಲಿಯೇ ತೆಗೆಯುತ್ತಾರೆ. ಟೂರ್ನಿಯ ದೇಹ ಇರುವುದು ಕೊನೆಯ ಬೋರ್ಡುಗಳಲ್ಲಿ. ಸೋತವರು ಬಂದು ಕೂರದಿದ್ದರೆ ಐದನೇ ಸುತ್ತೇ ಇಲ್ಲ.

ಇದೇ ಪ್ರಶ್ನೆ ಜಗತ್ತಿನ ಅತ್ಯಂತ ಎತ್ತರದ ಬೋರ್ಡಿನಲ್ಲೂ ಎದ್ದಿತ್ತು. 2022ರ ಸೆಪ್ಟೆಂಬರ್, ಅಮೆರಿಕದ ಸೇಂಟ್ ಲೂಯಿಸ್, ಸಿಂಕ್‌ಫೀಲ್ಡ್ ಕಪ್. ಹತ್ತು ಆಟಗಾರರು, ಒಂಬತ್ತು ಸುತ್ತು. ಅಂದಿನ ವಿಶ್ವ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್ಸನ್ ಮೂರನೇ ಸುತ್ತಿನಲ್ಲಿ ಹತ್ತೊಂಬತ್ತು ವರ್ಷದ ಹ್ಯಾನ್ಸ್ ನೀಮನ್‌ಗೆ ಸೋತರು. ಮರುದಿನ ಟೂರ್ನಿಯಿಂದಲೇ ಹೊರಬಿದ್ದರು. ಎದುರಾಳಿ ಮೋಸ ಮಾಡಿರಬಹುದೆಂಬ ಸಂಶಯ ಅವರದು. ಆಮೇಲೆ ಜಗತ್ತೆಲ್ಲ ಮಾತಾಡಿದ್ದು ಆ ಸಂಶಯದ ಬಗ್ಗೆಯೇ. ನನ್ನ ಕಣ್ಣು ಹೋಗುವುದು ಅಂಕಪಟ್ಟಿಯ ಕಡೆಗೆ.

ಎಲ್ಲರೂ ಎಲ್ಲರೊಡನೆ ಆಡುವ ಟೂರ್ನಿಯಲ್ಲಿ ಅರ್ಧಕ್ಕಿಂತ ಕಡಿಮೆ ಆಟ ಆಡಿ ಬಿಟ್ಟವನ ಫಲಿತಾಂಶಗಳನ್ನು ಅಂತಿಮ ಅಂಕಗಳ ಲೆಕ್ಕಕ್ಕೆ ಹಿಡಿಯಬಾರದು, ನಿಯಮ ಹಾಗಿದೆ. ಕಾರ್ಲ್ಸನ್ ಆಡಿದ್ದು ಮೂರೇ ಆಟ. ಮೂರೂ ಹೋದವು. ನೀಮನ್ ಗಳಿಸಿದ್ದ ಒಂದು ಅಂಕ ಹೋಯಿತು. ಅದು ಹೋಗಲಿ, ಜಗಳ ಅವರಿಬ್ಬರದು. ಎರಡನೇ ಸುತ್ತಿನಲ್ಲಿ ಡ್ರಾ ಮಾಡಿಕೊಂಡಿದ್ದ ಲೆವೊನ್ ಅರೋನಿಯನ್ ಮಾಡಿದ ತಪ್ಪೇನು? ಅವರ ಅರ್ಧ ಅಂಕವೂ ಹೋಯಿತು. ಅವರೊಡನೆ ಇನ್ನೂ ಆಡಿರದ ಆರು ಜನರಿಗೆ ಚಾಂಪಿಯನ್ ಎದುರು ಕೂರುವ ಅವಕಾಶವೇ ಸಿಗಲಿಲ್ಲ. ಒಬ್ಬನ ಮೇಲಿನ ಸಿಟ್ಟಿಗೆ ದಂಡ ಕಟ್ಟಿದವರು ಸಿಟ್ಟಿಗೆ ಸಂಬಂಧವಿಲ್ಲದವರು. 2023ರ ಡಿಸೆಂಬರಿನಲ್ಲಿ ಫಿಡೆಯ ನೀತಿ ಮತ್ತು ಶಿಸ್ತು ಆಯೋಗ ಕಾರ್ಲ್ಸನ್ ಮೇಲಿದ್ದ ಬೇರೆ ಆರೋಪಗಳನ್ನೆಲ್ಲ ಕೈಬಿಟ್ಟು, ಸಕಾರಣವಿಲ್ಲದೆ ಟೂರ್ನಿ ಬಿಟ್ಟದ್ದಕ್ಕೆ ಮಾತ್ರ 10,000 ಯೂರೊ ದಂಡ ಹಾಕಿತು. ಅವರಿಗೆ ಆ ಹಣ ದೊಡ್ಡದಲ್ಲ. ಆದರೆ ಆಯೋಗ ಬೆರಳಿಟ್ಟು ತೋರಿಸಿದ ಜಾಗ ಸರಿಯಾಗಿತ್ತು ಎಂದು ನನ್ನ ಎಣಿಕೆ.

ಹದಿಮೂರರ ಹುಡುಗನನ್ನು ವಿಶ್ವ ಚಾಂಪಿಯನ್ ಪಕ್ಕ ನಿಲ್ಲಿಸುವುದು ಅನ್ಯಾಯ ಎನ್ನಬಹುದು. ಯಾರದೋ ಮಗುವಿನ ರೇಟಿಂಗಿಗಾಗಿ ನಮ್ಮ ಮಗು ಅಳುತ್ತ ಕೂರಬೇಕೇ ಎಂದೂ ಕೇಳಬಹುದು. ಕೇಳತಕ್ಕದ್ದೇ. ಆದರೆ ಇಲ್ಲಿ ಋಣ ಬಹಳ ಸಣ್ಣದು. ಗೆಲ್ಲಬೇಕೆಂದು ಯಾರೂ ಕೇಳುತ್ತಿಲ್ಲ. ಬಂದು ಕೂರಬೇಕು, ಕೈ ಕುಲುಕಬೇಕು, ಮನಸ್ಸಿಟ್ಟು ಆಡಬೇಕು, ಅಷ್ಟೇ. ಈ ನಾಲ್ಕು ಸುತ್ತುಗಳಲ್ಲಿ ಅವನ ಎದುರಿಗಿದ್ದವರೂ ಅಷ್ಟನ್ನೇ ಮಾಡಿದ್ದಾರೆ. ಅವರಲ್ಲಿ ಯಾರಾದರೂ ಬರದೇ ಇದ್ದಿದ್ದರೆ ಇವನಿಗೆ ಬೇಸರವಾಗುತ್ತಿರಲಿಲ್ಲವೇ?

ಈಗ ಆ ರಾತ್ರಿಯ ಬಗ್ಗೆ. ಸೋತ ರಾತ್ರಿ ತೀರ್ಮಾನ ಮಾಡಬಾರದು ಎಂದು ಹೇಳುವುದು ಸುಲಭ. ಆದರೆ ಹುಡುಗನಿಗೆ ಬೇರೆ ರಾತ್ರಿ ಎಲ್ಲಿದೆ? 2024ರ ಏಪ್ರಿಲ್‌ನಲ್ಲಿ ಟೊರಾಂಟೊದ ಕ್ಯಾಂಡಿಡೇಟ್ಸ್ ಟೂರ್ನಿಯ ಏಳನೇ ಸುತ್ತಿನಲ್ಲಿ ಡಿ. ಗುಕೇಶ್ ಸಮಯದ ಒತ್ತಡಕ್ಕೆ ಸಿಕ್ಕಿ ಅಲಿರೆಜಾ ಫಿರೂಜಾಗೆ ಸೋತರು. ಮುಖ ನೋಡಿದವರಿಗೆ ಸಂಕಟವಾಗುವಂಥ ಸೋಲು. ಮರುದಿನ ಆಟವಿರಲಿಲ್ಲ, ವಿಶ್ರಾಂತಿ ದಿನ. ಎಂಟನೇ ಸುತ್ತಿಗೆ ಬಂದ ಹದಿನೇಳರ ಹುಡುಗ ಬೇರೆಯೇ ಆಗಿದ್ದ. ಹದಿನಾಲ್ಕು ಸುತ್ತಿನಲ್ಲಿ ಒಂಬತ್ತು ಅಂಕ ಗಳಿಸಿ ಟೂರ್ನಿ ಗೆದ್ದ, ಡಿಸೆಂಬರಿನಲ್ಲಿ ವಿಶ್ವ ಚಾಂಪಿಯನ್ ಆದ. ಆ ಸೋಲಿನ ಮರುದಿನವೇ ಇದು ತನ್ನ ಟೂರ್ನಿ ಎನಿಸಿತ್ತೆಂದು ಆಮೇಲೆ ಹೇಳಿಕೊಂಡ. ಕ್ಯಾಂಡಿಡೇಟ್ಸ್ ಆಡುವ ಎಂಟು ಮಂದಿಗೆ, ತರಬೇತುದಾರರು ಜೊತೆಗಿರುವವರಿಗೆ, ಸೋಲನ್ನು ಅರಗಿಸಿಕೊಳ್ಳಲು ಒಂದು ಹಗಲು ಕೊಡುತ್ತಾರೆ. ರಾಯಬಾಗದ ಮಗುವಿಗೆ ಬೆಳಗಿನ ಸೋಲಿಗೂ ಮಧ್ಯಾಹ್ನದ ಆಟಕ್ಕೂ ನಡುವೆ ಸಿಗುವುದು ಊಟದ ಹೊತ್ತು. ಅದರಲ್ಲೇ ಅಪ್ಪ "ಅಲ್ಲೆ ಕುದರಿ ಯಾಕ ಆಡಿದಿ?" ಎಂದು ಕೇಳಿರುತ್ತಾನೆ.

ಮರಳಿ ಎದ್ದು ಗೆದ್ದವರ ಕಥೆ ಬೇಕೆಂದರೆ ಇನ್ನೂ ಇವೆ. ಕೊನೇರು ಹಂಪಿ 2024ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ವಿಶ್ವ ರ‍್ಯಾಪಿಡ್ ಚಾಂಪಿಯನ್‌ಶಿಪ್‌ನ ಮೊದಲ ಸುತ್ತಿನಲ್ಲೇ ಸೋತರು. ಆ ವರ್ಷದ ಸೋಲುಗಳಿಂದ ನಿವೃತ್ತಿಯ ಯೋಚನೆಯೂ ಬಂದಿತ್ತಂತೆ. ಹನ್ನೊಂದು ಸುತ್ತಿನಲ್ಲಿ ಎಂಟೂವರೆ ಅಂಕ ಪಡೆದು ಎರಡನೇ ಬಾರಿಗೆ ಪಟ್ಟ ಗೆದ್ದರು. ಚಂದದ ಕಥೆ. ಆದರೆ ಇಂಥ ಕಥೆಗಳನ್ನು ಮಕ್ಕಳಿಗೆ ಹೇಳುವಾಗ ನನಗೆ ಅಳುಕು. ಸೋತು, ಉಳಿದು, ಮತ್ತೆ ಸೋತವರ ಹೆಸರು ಪತ್ರಿಕೆಗೆ ಬರುವುದಿಲ್ಲ, ಅವರೇ ಹೆಚ್ಚು. ಉಳಿದರೆ ಗೆಲ್ಲುತ್ತೀ ಎಂಬ ಆಸೆಗೆ ಉಳಿಸಿದರೆ, ಐದನೇ ಸುತ್ತನ್ನೂ ಸೋತಾಗ ಹುಡುಗ ನಮ್ಮನ್ನು ಸುಳ್ಳರೆಂದು ತಿಳಿಯುತ್ತಾನೆ. ಆ ಆಸೆ ತೋರಿಸದೆಯೇ ಅವನು ಉಳಿಯಬೇಕು.

ಆ ರಾತ್ರಿ ಎರಡು ಪ್ರಶ್ನೆಗಳು ಕಲಸಿಹೋಗಿವೆ. "ನಾಳಿ ಆಡೂದಿಲ್ಲ" ಎನ್ನುವವನ ಮನಸ್ಸಿನಲ್ಲಿ "ಇನ್ನ ಎಂದೂ ಆಡೂದಿಲ್ಲ" ಎಂಬುದೂ ಇದೆ. ಚೆಸ್ ಬಿಡುವ ಹಕ್ಕು ಅವನಿಗೆ ಪೂರ್ತಿ ಇದೆ. ಬಿಟ್ಟರೆ ಯಾರಿಗೂ ಅನ್ಯಾಯವಿಲ್ಲ, ಅಪ್ಪನ ಕನಸಿಗೆ ಬಿಟ್ಟರೆ. ಆ ಕನಸಿಗೆ ಮಗ ಸಾಲಗಾರನಲ್ಲ. ಮೈಸೂರಿನ ಎಂ. ಎಸ್. ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದಾಗ ಮೂವತ್ತು ದಾಟಿದ್ದರು. ಅಷ್ಟು ವರ್ಷ ಹಿಡಿದವರೂ ಇದ್ದಾರೆ, ಹದಿನಾಲ್ಕಕ್ಕೆ ಬಿಟ್ಟು ಸುಖವಾಗಿ ಬೇರೆ ಕೆಲಸ ಹಿಡಿದವರೂ ಇದ್ದಾರೆ. ಎರಡೂ ಸರಿ. ಆದರೆ ಆ ತೀರ್ಮಾನ ಆಗಬೇಕಾದದ್ದು ಊರಿನಲ್ಲಿ, ಶಾಲೆ ಶುರುವಾದ ಮೇಲೆ, ಹೊಟ್ಟೆ ತುಂಬಿದಾಗ. ಟೂರ್ನಿ ಬಿಡುವುದು ಅವನೊಬ್ಬನ ವಿಷಯವಲ್ಲ. ಹೆಸರು ಕೊಟ್ಟ ದಿನವೇ ಒಂಬತ್ತು ಮಂದಿಗೆ ಬರುತ್ತೇನೆಂದು ಮಾತು ಕೊಟ್ಟಾಗಿದೆ. ಯಾರೆಂದು ಆಗ ಗೊತ್ತಿರಲಿಲ್ಲ, ಅಷ್ಟೇ.

ಹಾಗಾಗಿ ನನ್ನ ತೀರ್ಪು: ಹುಡುಗ ಐದನೇ ಸುತ್ತಿಗೆ ಕೂರಲಿ. ಗೆಲ್ಲಲು ಅಲ್ಲ, ರೇಟಿಂಗಿಗೂ ಅಲ್ಲ, ಅಜ್ಜನ ಮಾನಕ್ಕಂತೂ ಅಲ್ಲ. ಎದುರಿಗೆ ಒಬ್ಬರು ಬಂದು ಕೂರುತ್ತಾರೆ, ಅದಕ್ಕೆ. ಮೈಯೋ ಮನಸ್ಸೋ ನಿಜಕ್ಕೂ ಸೋತಿದ್ದರೆ ಬಿಡಲಿ. ಬಿಡುವುದಾದರೆ ಜೋಡಿಗಳ ಪಟ್ಟಿ ಹಾಕುವ ಮೊದಲೇ, ಅಂದು ರಾತ್ರಿಯೇ ಅಪ್ಪ ಆರ್ಬಿಟರಿಗೆ ಫೋನ್ ಮಾಡಿ ಹೇಳಲಿ. ಅರ್ಧ ಅಂಕದ ಬೈಗೆ ಅವಕಾಶವಿರುವ ಟೂರ್ನಿಯಾದರೆ ಒಂದು ಸುತ್ತು ಬಿಡುವು ಕೇಳಿಕೊಂಡು, ಹುಡುಗನಿಗೆ ಗಡದ್ದಾಗಿ ನಿದ್ದೆ ಮಾಡಿಸಿ, ಮಧ್ಯಾಹ್ನಕ್ಕೆ ಕರೆದುಕೊಂಡು ಬರಲಿ. ಮೊಬೈಲಿನ ಲೆಕ್ಕ ಒಂಬತ್ತನೇ ಸುತ್ತಿನವರೆಗೆ ಜೇಬಿನಲ್ಲೇ ಇರಲಿ.

ಸಂಘಟಕರಿಗೆ ಒಂದು ಮಾತು. ಚಿಕ್ಕೋಡಿಯಲ್ಲೋ ನಿಪ್ಪಾಣಿಯಲ್ಲೋ ನೀವು ಮುಂದಿನ ಸಲ ಮಕ್ಕಳ ಟೂರ್ನಿ ಇಟ್ಟುಕೊಂಡರೆ ಹದಿನಾಲ್ಕರ ಒಳಗಿನವರಿಗೆ ದಿನಕ್ಕೆ ಒಂದೇ ದೀರ್ಘ ಆಟ ಇಡಲಾದೀತೇ ನೋಡಿ. ಖರ್ಚು ಹೆಚ್ಚಾಗುತ್ತದೆ, ಹಾಲ್ ಬಾಡಿಗೆ ಏರುತ್ತದೆ, ಗೊತ್ತು. ಅದಾಗದಿದ್ದರೆ ಒಂದು ಬೈ ಕೇಳಿಕೊಳ್ಳುವ ಅವಕಾಶವನ್ನಾದರೂ ಪ್ರವೇಶ ಪತ್ರದಲ್ಲೇ ಕನ್ನಡದಲ್ಲಿ ಅಚ್ಚು ಹಾಕಿಸಿ. ಬಹುಮಾನ ಕೊಡುವ ದಿನ ಒಂಬತ್ತೂ ಸುತ್ತು ಆಡಿ ಮುಗಿಸಿದ ಪ್ರತಿ ಮಗುವಿನ ಹೆಸರನ್ನೂ ಮೈಕಿನಲ್ಲಿ ಓದಿ, ಸೊನ್ನೆ ಅಂಕದವರದ್ದನ್ನೂ.